ಪರೀಕ್ಷೆ ಮುಗಿಸಿ ಬಂದು ಮಲಗಿದ ಹುಡುಗನನ್ನು ಎಬ್ಬಿಸಬೇಡಿ

ಸುದ್ದಿ ಬರೆಯುವವರಿಗೆ ಊರವರು ಎಲ್ಲದಕ್ಕೂ ಫೋನ್ ಮಾಡುತ್ತಾರೆ. ಟಿಸಿ ಸುಟ್ಟರೆ, ಬಸ್ ಬರದಿದ್ದರೆ, ರೇಷನ್ ಅಂಗಡಿಯಲ್ಲಿ ತೂಕ ಹೊಡೆದರೆ ಫೋನ್ ಬರುವುದು ಸಹಜ. ಹೋದ ತಿಂಗಳು ರೋಣದ ಕಡೆಯ ಒಂದು ಹಳ್ಳಿಯಿಂದ ಬಂದ ಫೋನ್ ಮಾತ್ರ ಬೇರೆ ತರದ್ದು.

"ನೀವು ಪೇಪರ್‌ನವರಲ್ರಿ? ನಮ್ಮ ಹುಡುಗ ಧಾರವಾಡದಿಂದ ಬಂದು ನಾಕ್ ದಿನ ಆತ್ರಿ. ಮಕ್ಕೊಂಡಾಂವ ಮಕ್ಕೊಂಡ ಅದಾನ. ಎಬ್ಸಿದ್ರ ಎದ್ದು ಒಂದ್ ರೊಟ್ಟಿ ತಿಂತಾನ, ಮತ್ತ ಮಕ್ಕೋತಾನ. ರಾತ್ರಿ ಚೀರ್ತಾನ. ಏನ್ ಮಾಡೂದ್ರಿ?"

ಆ ತಾಯಿ ನಮಗೆ ಫೋನ್ ಮಾಡುವ ಹೊತ್ತಿಗೆ ಮನೆಯಲ್ಲಿ ಎಲ್ಲ ಆಗಿಹೋಗಿತ್ತು. ಕಾಮಣಿ ಇರಬೇಕೆಂದು ನಾಟಿ ಔಷಧ ಕುಡಿಸಿದ್ದರು. ಗಾಳಿ ಸೋಕಿದೆ ಅಂತ ಅಜ್ಜಿ ತಾಯತ ಕಟ್ಟಿಸಿದ್ದಳು. ಗಾಂಜಾ ಹೊಡೆದಿದ್ದಾನೆ ಅಂತ ಕಾಕಾ ಹೇಳಿದ್ದ. ಅಪ್ಪನದ್ದು ಒಂದೇ ಮಾತು, "ಓದಾಕ ಕಳಿಸಿದ್ರ ಮೈಗಳ್ಳತನ ಕಲ್ತ ಬಂದಾನ". ನಾವು ಕೇಳಿದ್ದು ಎರಡೇ ಪ್ರಶ್ನೆ. ಪರೀಕ್ಷೆ ಯಾವತ್ತು ಮುಗಿಯಿತು? ಬ್ಯಾಗಿನಲ್ಲಿ ಗುಳಿಗೆ ಪಟ್ಟಿ ಏನಾದರೂ ಇದೆಯಾ, ನೋಡುತ್ತೀರಾ? ಪರೀಕ್ಷೆ ಮುಗಿದದ್ದು ಐದು ದಿನದ ಹಿಂದೆ. ಪುಸ್ತಕಗಳ ನಡುವೆ ಖಾಲಿ ಪಟ್ಟಿಗಳು ಸಿಕ್ಕವು. ಹೆಸರಿನ ಅಕ್ಷರಗಳನ್ನು ಹತ್ತನೇ ಕ್ಲಾಸಿನ ತಂಗಿ ಒಂದೊಂದಾಗಿ ಓದಿ ಹೇಳಿದಳು. ಮೊಡಾಫಿನಿಲ್.

ನಮಗೆ ಆ ಹೆಸರು ಗೊತ್ತು. ಪುಸ್ತಕ ಓದಿ ತಿಳಿದದ್ದಲ್ಲ.

ಡಿಪ್ಲೊಮಾ ಮುಗಿದು ಕೆಲಸವಿಲ್ಲದ ಕಾಲದಲ್ಲಿ ನಾವು ಮೂವರು ಧಾರವಾಡದಲ್ಲಿ ಒಂದು ರೂಮ್ ಹಿಡಿದಿದ್ದೆವು. ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ, ಯಾವುದು ಕರೆದರೂ ಅರ್ಜಿ ಹಾಕುತ್ತಿದ್ದೆವು. ಸಪ್ತಾಪುರದ ಗಲ್ಲಿಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಮನೆಗೊಂದು ಕೋಚಿಂಗ್ ಬೋರ್ಡು, ಮಹಡಿಗೊಂದು ರೀಡಿಂಗ್ ರೂಮು. ರಾತ್ರಿ ಎರಡಕ್ಕೂ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಊರಲ್ಲಿ ಅಪ್ಪ ಶೇಂಗಾ ಮಾರಿದ ದುಡ್ಡು ಕಳಿಸುತ್ತಾನೆ, ಇಲ್ಲಿ ಮಗ ಹತ್ತಕ್ಕೆ ಮಲಗಿದರೆ ಪಾಪ ಮಾಡಿದ ಹಾಗೆ ಅನ್ನಿಸುತ್ತದೆ. ಮೊದಲು ಚಹಾ, ಆಮೇಲೆ ಇನ್‌ಸ್ಟಂಟ್ ಕಾಫಿ ಪುಡಿ ತಣ್ಣೀರಿಗೆ ಹಾಕಿ ಕುಡಿಯುವುದು. ಅದೂ ಸಾಲದಾದಾಗ ಮೇಲಿನ ರೂಮಿನ ಸೀನಿಯರ್ ಒಬ್ಬ ಒಂದು ಗುಳಿಗೆ ಕೊಟ್ಟ. "ಡಾಕ್ಟರು, ಪೈಲಟ್‌ಗಳೇ ತಗೋತಾರ" ಅಂದ. ಮೂಲೆಯ ಮೆಡಿಕಲ್‌ನಲ್ಲಿ ಚೀಟಿ ಕೇಳಲಿಲ್ಲ. ಎಷ್ಟು ಪಟ್ಟಿ ಅಂತ ಮಾತ್ರ ಕೇಳಿದರು.

ಸುಳ್ಳು ಹೇಳುವುದು ಬೇಡ, ಗುಳಿಗೆ ಕೆಲಸ ಮಾಡಿತು. ಮೊದಲ ವಾರ ಸ್ವರ್ಗ. ಲಕ್ಷ್ಮೀಕಾಂತರ ದಪ್ಪ ಪುಸ್ತಕ ಬೆಳಗಿನ ನಾಲ್ಕಕ್ಕೂ ಕಣ್ಣಿಗೆ ಹತ್ತುತ್ತಿತ್ತು. ನಾಲ್ಕು ತಿಂಗಳು ಹಾಗೇ ನಡೆಯಿತು. ದಿನಕ್ಕೆ ಮೂರೂವರೆ, ನಾಲ್ಕು ತಾಸು ನಿದ್ದೆ. ಓದಿದ್ದು ತಲೆಯಲ್ಲಿ ನಿಂತಿತೇ ಅಂದರೆ ಅದು ಬೇರೆ ಮಾತು. ಮೂವರಲ್ಲಿ ಒಬ್ಬನೂ ಪಾಸಾಗಲಿಲ್ಲ.

ಪರೀಕ್ಷೆ ಮುಗಿದ ದಿನವೇ ಗುಳಿಗೆ ಬಿಟ್ಟೆವು. ದುಡ್ಡೂ ಮುಗಿದಿತ್ತು. ಆಮೇಲಿನ ಒಂದೂವರೆ ತಿಂಗಳು ನಮಗೆ ಏನಾಯಿತು ಅನ್ನುವುದನ್ನು ನಮ್ಮ ಮನೆಯವರಿಗೂ ಇವತ್ತಿನವರೆಗೆ ಸರಿಯಾಗಿ ಹೇಳಿಲ್ಲ.

ಮೊದಲ ರಾತ್ರಿ, ಆಶ್ಚರ್ಯ ಅಂದರೆ, ನಿದ್ದೆಯೇ ಹತ್ತಲಿಲ್ಲ. ಮೈ ಸೋತಿದೆ, ಕಣ್ಣು ಮುಚ್ಚುತ್ತಿಲ್ಲ. ಮರುದಿನದಿಂದ ಸುರುವಾಯಿತು. ಹದಿನಾಲ್ಕು ತಾಸು, ಹದಿನಾರು ತಾಸು. ಎದ್ದರೆ ವಿಪರೀತ ಹಸಿವು. ಅವ್ವ ಬಡಿದಿಟ್ಟ ಎಂಟು ರೊಟ್ಟಿ ಒಂದೇ ಹೊತ್ತಿಗೆ ಖಾಲಿ. ಮತ್ತೆ ಮಲಗುವುದು. ಐದಾರು ದಿನ ಹೀಗಾದ ಮೇಲೆ ಗಾಡಿ ಉಲ್ಟಾ ತಿರುಗಿತು. ಹಗಲೆಲ್ಲ ಜೊಂಪು, ರಾತ್ರಿ ಎರಡಕ್ಕೆ ಕಣ್ಣು ಬಿಟ್ಟರೆ ಬೆಳಕು ಹರಿಯುವವರೆಗೆ ಎಚ್ಚರ. ನಿದ್ದೆ ಬಂದರೆ ಕನಸು. ಮೊದಲೆಲ್ಲ ಬೀಳುತ್ತಿದ್ದ ತರದ ಕನಸಲ್ಲ, ಎದ್ದ ಮೇಲೂ ನಿಜವೋ ಸುಳ್ಳೋ ತಿಳಿಯದ ಕನಸು. ಒಬ್ಬನಿಗೆ ಹಾಲ್ ಟಿಕೆಟ್ ಬಾವಿಗೆ ಬೀಳುವುದು. ಇನ್ನೊಬ್ಬನಿಗೆ ಓಎಂಆರ್ ಶೀಟಿನ ಗುಂಡಿಗಳೆಲ್ಲ ಇರುವೆಯಾಗಿ ಹರಿದಾಡುವುದು. ಈಗ ನಗು ಬರುತ್ತದೆ. ಆಗ ಚೀರಿ ಏಳುತ್ತಿದ್ದೆವು.

ಮೂರನೇ ವಾರ ನಮ್ಮಲ್ಲಿ ಒಬ್ಬ ಹಾಡಹಗಲು ಬೈಕ್ ಮೇಲೆ ಜೊಂಪು ಹತ್ತಿ ಮೈಲಿಗಲ್ಲಿಗೆ ಗುದ್ದಿದ. ಎರಡು ಹಲ್ಲು ಹೋದವು. ಹಿಂದೆ ಅವನ ತಂಗಿ ಕೂತಿದ್ದಳು, ದೇವರ ದಯೆ, ಅವಳು ಹೊಲದ ಮಣ್ಣಿಗೆ ಬಿದ್ದಳು. ಇನ್ನೊಬ್ಬನ ಕಥೆ ಇದಕ್ಕಿಂತ ಕಷ್ಟದ್ದು. ಏನೂ ಬೇಡ ಅನ್ನಿಸುವುದು, ಊಟ, ಮಾತು, ಫೋನ್ ಏನೂ. ಮನೆಯಲ್ಲಿ ದಿನಾ "ಸೋಮಾರಿ" ಅನ್ನಿಸಿಕೊಂಡು ಒಂದು ಸಂಜೆ ಹೊಲದ ಬಾವಿ ಕಟ್ಟೆ ಮೇಲೆ ಹೋಗಿ ಕೂತಿದ್ದ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಅವರ ದೊಡ್ಡಪ್ಪ ನೋಡಿ, ಏನೂ ಕೇಳದೆ, ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು, ಕತ್ತಲಾದ ಮೇಲೆ "ನಡಿ ಉಣ್ಣೂನು" ಅಂತ ಕರೆದುಕೊಂಡು ಬಂದರು. ಮೂರನೆಯವನು ಇವತ್ತು ಇದನ್ನು ಬರೆಯುತ್ತಿದ್ದಾನೆ.

ಅದಕ್ಕೇ ಆ ತಾಯಿಯ ಫೋನ್ ನಮಗೆ ಮಾಮೂಲಿ ಫೋನ್ ಅನ್ನಿಸಲಿಲ್ಲ.

ಇದು ಯಾಕೆ ಹೀಗಾಗುತ್ತದೆ ಅನ್ನುವುದನ್ನು ತಿಳಿದುಕೊಂಡರೆ ಅರ್ಧ ಹೆದರಿಕೆ ಹೋಗುತ್ತದೆ. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಕೂಡುತ್ತಾ ಹೋಗುತ್ತದೆ. ಅದು ಹೆಚ್ಚಾದಷ್ಟೂ ನಿದ್ದೆ ಎಳೆಯುತ್ತದೆ, ಮಲಗಿದಾಗ ಇಳಿಯುತ್ತದೆ. ಚಹಾ ಕಾಫಿಯ ಕೆಫೀನ್ ಅದು ಕೂರುವ ಜಾಗಕ್ಕೆ ಅಡ್ಡ ಕೂರುತ್ತದೆ, ಅಷ್ಟೇ. ಅಡೆನೋಸಿನ್ ಎಲ್ಲೂ ಹೋಗಿರುವುದಿಲ್ಲ. ಮೊಡಾಫಿನಿಲ್, ಮೀಥೈಲ್‌ಫೆನಿಡೇಟ್, ಆಂಫೆಟಮೈನ್ ಇವುಗಳ ದಾರಿ ಬೇರೆ. ಎಚ್ಚರ ಮತ್ತು ಹುರುಪಿಗೆ ಸಂಬಂಧಿಸಿದ ಡೋಪಮಿನ್‌ನಂಥ ರಾಸಾಯನಿಕಗಳು ಮಿದುಳಿನಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ಪರಿಣಾಮ ಒಂದೇ. ನಿದ್ದೆಯ ಬಾಕಿ ತೀರುವುದಿಲ್ಲ, ಕೇಳುವ ದನಿ ಮಾತ್ರ ಅಡಗುತ್ತದೆ. ಸೊಸೈಟಿ ಸಾಲವನ್ನು ವರ್ಷಾ ವರ್ಷಾ ರಿನೀವಲ್ ಮಾಡಿಸುತ್ತೇವಲ್ಲ, ಹಾಗೆ. ಕಾಗದದಲ್ಲಿ ಕಟ್ಟಿದಂತೆ ಇರುತ್ತದೆ, ಅಸಲು ಹಾಗೇ ಕೂತಿರುತ್ತದೆ. ಗುಳಿಗೆ ಬಿಟ್ಟ ದಿನ ಸೆಕ್ರೆಟರಿ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಮೊದಲ ರಾತ್ರಿ ನಿದ್ದೆ ಹತ್ತದಿರುವುದಕ್ಕೂ ಕಾರಣ ಉಂಟು. ಮೊಡಾಫಿನಿಲ್ ದೇಹದಿಂದ ಬೇಗ ಹೋಗುವುದಿಲ್ಲ. ಅರ್ಧ ಇಳಿಯುವುದಕ್ಕೇ ಸುಮಾರು 12ರಿಂದ 15 ತಾಸು ಬೇಕು. ಮಧ್ಯಾಹ್ನ ನುಂಗಿದ್ದು ರಾತ್ರಿ ಹನ್ನೆರಡಕ್ಕೂ ಕಾವಲು ಕಾಯುತ್ತಿರುತ್ತದೆ.

ಇನ್ನು ಕನಸು. ನಮ್ಮ ನಿದ್ದೆಯಲ್ಲಿ ಕಣ್ಣುಗುಡ್ಡೆ ಸರಸರ ಓಡಾಡುವ ಒಂದು ಹಂತ ಇದೆ, ಎದ್ದ ಮೇಲೂ ನೆನಪಿರುವಂಥ ಕನಸುಗಳು ಹೆಚ್ಚಾಗಿ ಆಗಲೇ ಬೀಳುತ್ತವೆ. ದೊಡ್ಡವರ ಒಂದು ರಾತ್ರಿಯ ನಿದ್ದೆಯಲ್ಲಿ ನಾಲ್ಕರಲ್ಲೊಂದು ಪಾಲಿನ ಹತ್ತಿರ ಇದು ಇರುತ್ತದೆ, ಅದರಲ್ಲೂ ಬೆಳಗಿನ ಜಾವದ ಕಡೆ ಹೆಚ್ಚು. ನಾಲ್ಕು ತಾಸು ಮಲಗಿ ಏಳುವವನು ಕಳೆದುಕೊಳ್ಳುವುದು ಮುಖ್ಯವಾಗಿ ಈ ಪಾಲನ್ನೇ. ಆಂಫೆಟಮೈನ್ ಜಾತಿಯ ಔಷಧಗಳು ಇದನ್ನು ನೇರವಾಗಿಯೇ ತುಳಿಯುತ್ತವೆ. ಬಿಟ್ಟ ಮೇಲೆ ತುಳಿದದ್ದು ಚಿಮ್ಮುತ್ತದೆ. 1963ರಲ್ಲೇ ಎಡಿನ್‌ಬರೋದ ಇಯಾನ್ ಆಸ್ವಾಲ್ಡ್ ಮತ್ತು ಥ್ಯಾಕೋರ್ ಅನ್ನುವ ಇಬ್ಬರು ವೈದ್ಯರು ಇಂಥ ಗುಳಿಗೆಯ ಚಟ ಹತ್ತಿದವರ ನಿದ್ದೆಯನ್ನು ಯಂತ್ರ ಹಚ್ಚಿ ಅಳೆದು ನೋಡಿ, ಬಿಟ್ಟ ಮೇಲೆ ಕನಸಿನ ನಿದ್ದೆ ಮಿತಿಮೀರಿ ಹೆಚ್ಚುತ್ತದೆ, ಮೊದಲಿನ ಸ್ಥಿತಿಗೆ ಬರಲು ವಾರಗಟ್ಟಲೆ ಬೇಕು ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಇರುವೆಯಾದ ಓಎಂಆರ್ ಗುಂಡಿಗಳಿಗೆ ವಿವರಣೆ ಅಲ್ಲಿದೆ. ಗಾಳಿಯೂ ಅಲ್ಲ, ದೆವ್ವವೂ ಅಲ್ಲ.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಮೊಡಾಫಿನಿಲ್ ಬಿಟ್ಟಾಗ ಆಗುವ ತೊಂದರೆ ಆಂಫೆಟಮೈನ್ ಬಿಟ್ಟಷ್ಟು ಜೋರಾಗಿ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಒಂದೂವರೆ ತಿಂಗಳಿನಲ್ಲಿ ಗುಳಿಗೆಯ ಪಾಲೆಷ್ಟು, ನಾಲ್ಕು ತಿಂಗಳು ನಿದ್ದೆಗೆಟ್ಟ ಪಾಲೆಷ್ಟು, ಫೇಲಾದೆವು ಅನ್ನುವ ಸಂಕಟದ ಪಾಲೆಷ್ಟು ಅಂತ ತಕ್ಕಡಿಯಲ್ಲಿ ತೂಗಿ ಹೇಳಲಾಗದು. ನಮ್ಮ ಅನುಮಾನ, ದೊಡ್ಡ ಪಾಲು ನಿದ್ದೆಗೆಟ್ಟದ್ದೇ. ಆದರೆ ಗುಳಿಗೆ ಇಲ್ಲದಿದ್ದರೆ ನಾವು ಅಷ್ಟು ನಿದ್ದೆಗೆಡುತ್ತಲೇ ಇರಲಿಲ್ಲ. ಮೈ ಎರಡನೇ ವಾರಕ್ಕೇ ನಮ್ಮನ್ನು ಕೆಡವುತ್ತಿತ್ತು.

ಈಗ ಮನೆಯವರಿಗೆ. ಹುಡುಗ ಮಲಗಿದ್ದರೆ ಮಲಗಲಿ. ಕರೆದರೆ ಏಳುತ್ತಾನೆ, ನೀರು ಕುಡಿಯುತ್ತಾನೆ, ಮಾತು ಸರಿಯಾಗಿದೆ ಅಂದರೆ ಮೊದಲ ವಾರದ ಆ ನಿದ್ದೆಗೆ ಹೆದರಬೇಕಿಲ್ಲ. ಕರೆದರೂ ಏಳದಿದ್ದರೆ, ಜ್ವರ, ಫಿಟ್ಸ್, ತೊದಲು ಇದ್ದರೆ ಅದು ಬೇರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗುಳಿಗೆ ನುಂಗುವಾಗಲೇ ಮೈಮೇಲೆ ಗುಳ್ಳೆ ಎದ್ದು ಬಾಯಿ, ಕಣ್ಣು ಹುಣ್ಣಾದರಂತೂ ಒಂದು ದಿನವೂ ಕಾಯಬೇಡಿ. ಅಪರೂಪ, ಆದರೆ ಮೊಡಾಫಿನಿಲ್‌ನಿಂದ ಜೀವಕ್ಕೆ ಅಪಾಯ ತರುವಂಥ ಚರ್ಮದ ಕಾಯಿಲೆ ಆಗುವುದುಂಟು. ಒಂದು ವಾರದ ನಂತರ ಬೆಳಗ್ಗೆ ಒಂದೇ ಹೊತ್ತಿಗೆ ಎಬ್ಬಿಸಿ ಬಿಸಿಲಿಗೆ ಕಳಿಸುವುದು ಒಳ್ಳೆಯದು. ಹೊಲಕ್ಕೆ ಕಳಿಸಿ, ಆದರೆ ನಡೆದು ಹೋಗಲಿ. ಬೈಕಿನ ಚಾವಿ, ಟ್ರ್ಯಾಕ್ಟರ್ ಚಾವಿ ಒಂದು ತಿಂಗಳು ಕೊಡಬೇಡಿ. ಎರಡು ಹಲ್ಲು ಕಳೆದುಕೊಂಡವನ ಪರವಾಗಿ ಈ ಮಾತು.

ದೊಡ್ಡ ತಪ್ಪು ಒಂದಿದೆ, ಅದನ್ನು ನಾವೂ ಮಾಡಿದೆವು. ರಾತ್ರಿ ಎಚ್ಚರ ಆಗುತ್ತದೆ ಅಂತ ಅದೇ ಮೆಡಿಕಲ್‌ಗೆ ಹೋಗಿ ನಿದ್ದೆ ಗುಳಿಗೆ ಕೇಳುವುದು. ಆಲ್‌ಪ್ರಜೋಲಾಂ ಅನ್ನುವ ಗುಳಿಗೆ ಹಳ್ಳಿಯವರೆಗೂ ಬಂದಿದೆ. ಅದನ್ನು ದಿನಾ ತಿಂದರೆ ಅದೇ ಚಟವಾಗುತ್ತದೆ. ಇದ್ದಕ್ಕಿದ್ದಂತೆ ಬಿಟ್ಟರೆ ನಿದ್ದೆ ಮತ್ತೂ ಕೆಡುತ್ತದೆ, ಫಿಟ್ಸ್ ಬರಲೂಬಹುದು. ಏಳಲು ಒಂದು, ಮಲಗಲು ಒಂದು ಅಂತಾದರೆ ಆ ಹುಡುಗ ಜೋಡೆತ್ತಿನ ನಡುವೆ ಸಿಕ್ಕ ಹಾಗೆ. ಕುಡಿದರೆ ನಿದ್ದೆ ಬರುತ್ತದೆ ಅನ್ನುವುದೂ ಇದೇ ದಾರಿ.

ಮತ್ತು "ಸೋಮಾರಿ" ಅನ್ನಬೇಡಿ. ಮನಸ್ಸು ಕುಗ್ಗುವುದು ಕೂಡ ಗುಳಿಗೆ ಬಿಟ್ಟ ಮೇಲಿನ ಲಕ್ಷಣವೇ. ಸಾಯುವ ಮಾತು ಆಡಿದರೆ, ಬಾವಿ, ಹಗ್ಗ, ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಅಂತ ಮನಸ್ಸು ಹರಿದರೆ ಒಬ್ಬನನ್ನೇ ಬಿಡಬೇಡಿ, ಡಬ್ಬಿ ಬೀಗದೊಳಗೆ ಇಡಿ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮನಸ್, ಸರ್ಕಾರದ್ದು, 2022ರ ಅಕ್ಟೋಬರ್‌ನಲ್ಲಿ ಸುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಲಾಗಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡೇ ಹೋಗಿ, ಬಸ್ ಚಾರ್ಜ್ ದಂಡ ಆಗುವುದು ಬೇಡ. ಹುಚ್ಚಾಸ್ಪತ್ರೆ ಅಂತ ನಾಚಿಕೊಳ್ಳುವವರಿಗೆ ಒಂದು ಸಂಗತಿ: ಮನಸ್ಸಿನ ಕಾಯಿಲೆಗೆ ಜಿಲ್ಲೆ ಮಟ್ಟದಲ್ಲೇ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಔಷಧ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಅದನ್ನು ನೋಡಿಯೇ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು.

ಇಲ್ಲಿ ಒಂದು ಗೆರೆ ಎಳೆಯಬೇಕು. ಇದನ್ನು ಓದಿ ಯಾರೂ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ನಿಲ್ಲಿಸಬೇಡಿ. ಮೊಡಾಫಿನಿಲ್ ಇರುವುದೇ ಹಗಲು ಹೊತ್ತು ತಡೆಯಲಾರದೆ ನಿದ್ದೆಗೆ ಬೀಳುವ ನಾರ್ಕೊಲೆಪ್ಸಿಯಂಥ ಕಾಯಿಲೆಗೆ. ಅಂಥವರು ಬಿಟ್ಟರೆ ಕಾಯಿಲೆಯೇ ಮರಳಿ ಬರುತ್ತದೆ. ಒಂದೆಡೆ ಕೂರಲಾಗದ, ಗಮನ ನಿಲ್ಲದ ಎಡಿಎಚ್‌ಡಿ ಮಕ್ಕಳಿಗೆ ಮನೋವೈದ್ಯರು ಮೀಥೈಲ್‌ಫೆನಿಡೇಟ್ ಕೊಡುತ್ತಾರೆ. ಅದನ್ನು ಬಿಟ್ಟ ಮೇಲೆ ಕೆಲವು ಮಕ್ಕಳು ಬೇಗ ಮಲಗುತ್ತವೆ, ಚೆನ್ನಾಗಿ ಉಣ್ಣುತ್ತವೆ. ಅದನ್ನು ಕಂಡು ಅಜ್ಜಿಯಂದಿರು "ನೋಡ್, ಗುಳಿಗಿ ಬಿಟ್ ಮ್ಯಾಲೆ ಕೂಸು ಆರಾಮ್ ಆತು" ಅನ್ನುತ್ತಾರೆ. ಇನ್ನು ಕೆಲವು ಮಕ್ಕಳಿಗೆ ರಾತ್ರಿಯ ಚಡಪಡಿಕೆ ಹೆಚ್ಚಾಗಿ ನಿದ್ದೆ ಮತ್ತೂ ಕೆಡುತ್ತದೆ. ಡೋಸ್ ಇಳಿಸುವುದೋ, ಕೊಡುವ ಹೊತ್ತು ಬದಲಿಸುವುದೋ, ಬಿಡಿಸುವುದೋ, ಅದು ಬರೆದುಕೊಟ್ಟವರು ಕೂತು ತೀರ್ಮಾನಿಸುವ ಮಾತು. ಹೆಣ್ಣುಮಕ್ಕಳಿಗೆ ಇನ್ನೊಂದು ಸಂಗತಿ, ಇದನ್ನು ಯಾವ ಮೆಡಿಕಲ್‌ನವರೂ ಹೇಳುವುದಿಲ್ಲ: ಮೊಡಾಫಿನಿಲ್ ತೆಗೆದುಕೊಳ್ಳುವಾಗ ಗರ್ಭನಿರೋಧಕ ಗುಳಿಗೆಯ ಶಕ್ತಿ ಕಡಿಮೆಯಾಗುತ್ತದೆ, ಬಿಟ್ಟ ಮೇಲೂ ಒಂದು ತಿಂಗಳು ಆ ಗುಳಿಗೆಯನ್ನಷ್ಟೇ ನಂಬಬಾರದು. ನರ್ಸಿಂಗ್ ಓದುವ, ರಾತ್ರಿ ಪಾಳಿಯ ಹೆಣ್ಣುಮಕ್ಕಳಲ್ಲೂ ಈ ಗುಳಿಗೆ ಓಡಾಡುತ್ತಿರುವುದನ್ನು ಕೇಳಿದ್ದೇವೆ.

ಕಾನೂನು ಇಲ್ಲದಿಲ್ಲ. ಮೊಡಾಫಿನಿಲ್‌ಗೆ ವೈದ್ಯರ ಚೀಟಿ ಬೇಕೇ ಬೇಕು. ಮೀಥೈಲ್‌ಫೆನಿಡೇಟ್ ಇರುವುದು ಶೆಡ್ಯೂಲ್ ಎಕ್ಸ್‌ನಲ್ಲಿ. ಎರಡು ಪ್ರತಿ ಚೀಟಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಆಲ್‌ಪ್ರಜೋಲಾಂ 2014ರಿಂದ ಶೆಡ್ಯೂಲ್ ಎಚ್1ರಲ್ಲಿದೆ. ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಕಾಯಬೇಕು. ಗಮನಿಸಿ ನೋಡಿದರೆ, ಶೆಡ್ಯೂಲ್ ಎಕ್ಸ್‌ನ ಔಷಧ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ, ಅಂಗಡಿಯವರು ಹೆದರುತ್ತಾರೆ. ಉಳಿದದ್ದಕ್ಕೆ ಆ ಹೆದರಿಕೆ ಇಲ್ಲ. ಅಂದರೆ ಹೆದರಿಸಿದರೆ ಕೇಳುತ್ತಾರೆ ಅಂತಾಯಿತು. ಕೋಚಿಂಗ್ ಗಲ್ಲಿಗಳ ಅಂಗಡಿಗಳಲ್ಲಿ ಪರೀಕ್ಷೆಗೆ ಮುಂಚಿನ ಎರಡು ತಿಂಗಳು ಯಾವ ಗುಳಿಗೆ ಎಷ್ಟು ಬಂತು, ಅದಕ್ಕೆ ಎಷ್ಟು ಚೀಟಿ ಇದೆ ಅಂತ ಡ್ರಗ್ಸ್ ಇನ್‌ಸ್ಪೆಕ್ಟರ್ ಒಂದು ಸಲ ಲೆಕ್ಕ ಕೇಳಲಿ. ಹುಡುಗರ ರೂಮಿಗೆ ನುಗ್ಗುವುದಕ್ಕಿಂತ ಅದು ಸುಲಭದ ಕೆಲಸ.

ಅಂಗಡಿಯವರನ್ನು ಬೈದು ನಾವು ಪಾರಾಗಲು ಬರುವುದಿಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬೆಂಜೆಡ್ರಿನ್ ನುಂಗಿ ಪರೀಕ್ಷೆಗೆ ಓದುತ್ತಿದ್ದಾರೆ ಅಂತ 1937ರಲ್ಲೇ ಪತ್ರಿಕೆಗಳಲ್ಲಿ ಬಂದಿತ್ತು. ಸುದ್ದಿ ಓದಿ ಹೊಸದಾಗಿ ನುಂಗಿದವರೂ ಇದ್ದಿರಬೇಕು. ನಮ್ಮ ಕಸುಬಿನ ಹಳೇ ರೋಗ ಇದು. ನಾವು, ಜಿಲ್ಲಾ ವರದಿಗಾರರು, ಪ್ರತಿ ಸಲ ಫಲಿತಾಂಶ ಬಂದಾಗ ಏನು ಬರೆಯುತ್ತೇವೆ? "ದಿನಕ್ಕೆ 18 ಗಂಟೆ ಓದಿದ ರೈತನ ಮಗ". ಲೆಕ್ಕ ಹಾಕಿ. 18 ಗಂಟೆ ಓದಿದರೆ ಉಳಿಯುವುದು 6. ಅದರಲ್ಲಿ ಊಟ, ಸ್ನಾನ, ಬಟ್ಟೆ ಒಗೆಯುವುದು, ಮೆಸ್ಸಿನ ಸಾಲು ಎಲ್ಲ ಕಳೆದರೆ ನಿದ್ದೆಗೆ ಎಷ್ಟು ಉಳಿಯಿತು? ಆ ಹುಡುಗ ನಿಜವಾಗಿ ಹದಿನೆಂಟು ಅಂದಿದ್ದನೋ, ನಾವೇ "ಎಷ್ಟ್ ತಾಸು ಓದ್ತಿದ್ರಿ, ಹದಿನೈದ್? ಹದಿನೆಂಟ್?" ಅಂತ ಬಾಯಿಗೆ ತುರುಕಿದ್ದೆವೋ ನೆನಪಿಲ್ಲ. ಅಂಥ ಸುದ್ದಿಯ ಪೇಪರ್ ಕಟಿಂಗ್ ರೀಡಿಂಗ್ ರೂಮಿನ ಗೋಡೆಗೆ ಅಂಟುತ್ತದೆ. ಅದರ ಕೆಳಗೆ ಕೂತು ಇನ್ನೊಬ್ಬ ಗುಳಿಗೆ ನುಂಗುತ್ತಾನೆ. ನಮ್ಮ ಹೆಸರಿನಲ್ಲಿ ಬಂದ ಅಂಥ ಸುದ್ದಿ ಎಷ್ಟು ಅಂತ ಮೊನ್ನೆ ಫೈಲ್ ತೆಗೆದು ಎಣಿಸಿದೆವು. ಏಳು.

ಓದಿದ್ದು ಮಿದುಳಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಇದನ್ನು ಆ ಏಳು ಸುದ್ದಿಗಳಲ್ಲಿ ಒಂದರಲ್ಲೂ ಬರೆದಿರಲಿಲ್ಲ.

ಆ ತಾಯಿ ಹೋದ ವಾರ ಮತ್ತೆ ಫೋನ್ ಮಾಡಿದ್ದರು. ತಾಯತ ಹಾಗೇ ಇದೆಯಂತೆ, ಇರಲಿ ಬಿಡಿ, ಅದರಿಂದ ನಷ್ಟವಿಲ್ಲ. ಹುಡುಗ ಬೆಳಗ್ಗೆ ಏಳಕ್ಕೆ ಏಳುತ್ತಿದ್ದಾನೆ, ಅಪ್ಪನ ಜೊತೆ ಹೊಲಕ್ಕೆ ನಡೆದು ಹೋಗುತ್ತಿದ್ದಾನೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಂದರಂತೆ, ಡಾಕ್ಟರು ಗುಳಿಗೆ ಬರೆದಿಲ್ಲ, ಎರಡು ವಾರ ಬಿಟ್ಟು ಬರಲು ಹೇಳಿದ್ದಾರೆ. ಕನಸಿನಲ್ಲಿ ಈಗಲೂ ಒಮ್ಮೊಮ್ಮೆ ಚೀರುತ್ತಾನಂತೆ. "ಮುಂದಿನ ಸಲ ಪರೀಕ್ಷಾ ಬಂದ್ರ ಮತ್ತ ತಗೋತಾನೇನ್ರಿ?" ಅಂತ ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. "ಅವನ್ನ ಕೇಳ್ರಿ, ಬೈಬ್ಯಾಡ್ರಿ" ಅಂದೆವು.

ನಮ್ಮ ಕೈಯಲ್ಲಿರುವುದು ಒಂದು ಸಣ್ಣ ಕೆಲಸ. ಇನ್ನು ಮೇಲೆ ರ‍್ಯಾಂಕ್ ಬಂದವರ ಮನೆಗೆ ಹೋದರೆ ಎಷ್ಟು ತಾಸು ಓದಿದಿರಿ ಅಂತ ಕೇಳುವ ಮೊದಲು ಎಷ್ಟು ತಾಸು ಮಲಗುತ್ತಿದ್ದಿರಿ ಅಂತ ಕೇಳಿ ಬರೆಯುತ್ತೇವೆ. ಡೆಸ್ಕ್‌ನವರು ಆ ಸಾಲನ್ನು ಉಳಿಸುತ್ತಾರೋ, ಜಾಗವಿಲ್ಲ ಅಂತ ಕತ್ತರಿಸುತ್ತಾರೋ ನೋಡಬೇಕು.